ಅಂಗಳದ ಇರುವೆಯಿಂದ ಪ್ರಾಣಿ ವರ್ತನೆ ಕಲಿಯುವುದು ಹೇಗೆ? ನೋಡುವುದರಿಂದ ಪ್ರಯೋಗದವರೆಗೆ

"ನಾನು ವಿಜ್ಞಾನ ಓದಿಲ್ಲ. ಪ್ರಾಣಿಗಳ ವರ್ತನೆ ಅಧ್ಯಯನ ಮಾಡಬಹುದಾ?" "ಯಾವ ಕ್ಯಾಮೆರಾ ತಗೊಳ್ಳಲಿ?" "ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಏನು ಮಾಡಿಸಲಿ?" ಓದುಗರಿಂದ ಈ ಮೂರು ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಮೂರಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ: ಖಂಡಿತ ಮಾಡಬಹುದು. ಎರಡನೆಯದಕ್ಕೆ: ಸದ್ಯಕ್ಕೆ ಯಾವ ಕ್ಯಾಮೆರಾನೂ ಬೇಡ. ಬೇಕಾಗಿರುವುದು ಒಂದು ಅಭ್ಯಾಸ. ಕಣ್ಣು ಕಂಡದ್ದನ್ನೂ ಮನಸ್ಸು ಊಹಿಸಿದ್ದನ್ನೂ ಬೇರೆ ಬೇರೆ ಇಡುವ ಅಭ್ಯಾಸ. "ಇರುವೆಗೆ ಸಿಟ್ಟು ಬಂತು" ಎಂಬುದು ಊಹೆ. "ಇರುವೆ ದವಡೆ ಅಗಲಿಸಿ, ಹೊಟ್ಟೆಯ ತುದಿ ಬಾಗಿಸಿ ನಿಂತಿತು" ಎಂಬುದು ಕಂಡದ್ದು. ಮುಂದೆ ಬರುವ ಹಂತಗಳೆಲ್ಲ ಈ ಎರಡೂ ಕಲಸಿಹೋಗದ ಹಾಗೆ ನೋಡಿಕೊಳ್ಳುವ ಉಪಾಯಗಳೇ.

ದೊಡ್ಡ ಲ್ಯಾಬ್ ಇಲ್ಲದೆ ಗಟ್ಟಿ ಕೆಲಸ ಆಗುವುದಿಲ್ಲ ಅಂತ ಅನ್ನಿಸಿದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರ ಕೆಲಸ ನೋಡಿ. ಗೋಡೆ, ಕಿಟಕಿಗಳಲ್ಲಿ ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ಅವರು ದಶಕಗಳ ಕಾಲ ಅಧ್ಯಯನ ಮಾಡಿದರು. ಗುರುತಿಗೆ ಕಣಜಗಳ ಮೈಮೇಲೆ ಬಣ್ಣದ ಚುಕ್ಕಿ ಇಟ್ಟರು. ಯಾವ ಕಣಜ ಎಷ್ಟು ಹೊತ್ತು ಏನು ಮಾಡುತ್ತದೆ ಎಂದು ಬರೆದಿಟ್ಟರು. ಎನ್. ವಿ. ಜೋಶಿ ಅವರ ಜೊತೆ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಗೂಡಿನ ಕಣಜಗಳು ಮೂರು ಗುಂಪಾಗಿ ಕಂಡವು: ಜಾಸ್ತಿ ಹೊತ್ತು ಕೂತಿರುವವು, ಜಗಳ ಜಾಸ್ತಿ ಆಡುವವು, ಆಹಾರಕ್ಕೆ ಹೊರಗೆ ಹೋಗುವವು. ರಾಣಿ ಸಿಕ್ಕಿದ್ದು ಕೂತಿರುವವುಗಳ ಗುಂಪಿನಲ್ಲಿ. ರಾಣಿ ಎಂದರೆ ಎಲ್ಲರನ್ನೂ ಬೆದರಿಸಿ ಆಳುವವಳು ಎಂದುಕೊಂಡು ನೋಡಲು ಕೂತಿದ್ದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ನೀವು ಕಣಜದಿಂದ ಶುರು ಮಾಡುವುದು ಬೇಡ, ಕುಟುಕುತ್ತದೆ. ಇರುವೆ ಸಾಕು.

ಏನೇನು ಬೇಕು

ಗೆರೆ ಹಾಕಿದ ನೋಟ್‌ಬುಕ್, ಪೆನ್ಸಿಲ್, ಮೊಬೈಲ್‌ನ ಗಡಿಯಾರ, 30 ಸೆಂಟಿಮೀಟರ್ ಸ್ಕೇಲ್, ಭೂತಗನ್ನಡಿ. ಪ್ರಯೋಗದ ಹಂತಕ್ಕೆ ಬಂದಾಗ ದಪ್ಪ ರಟ್ಟು, ಬಿಳಿ ಕಾಗದ, ಕತ್ತರಿ, ಚಿಮಟ, ಸಣ್ಣ ಬ್ರಷ್, ಬಾಟಲಿ ಮುಚ್ಚಳ, ಹತ್ತಿ, ಸಕ್ಕರೆ, ಮೂರು ಲೋಟ, ಮೂರು ತಟ್ಟೆ. ಎಲ್ಲವೂ ಮನೆಯಲ್ಲೇ ಸಿಗುತ್ತವೆ.

ಪೆನ್ ಬೇಡ, ಪೆನ್ಸಿಲ್ಲೇ ಇರಲಿ. ಕೆಲವು ಬಾಲ್‌ಪೆನ್ನಿನ ಶಾಯಿಯಲ್ಲಿರುವ ಒಂದು ರಾಸಾಯನಿಕ ಗೆದ್ದಲುಗಳಿಗೆ ತಮ್ಮದೇ ದಾರಿಯ ವಾಸನೆಯಂತೆ ತೋರುತ್ತದೆ. ಕಾಗದದ ಮೇಲೆ ಗೆರೆ ಎಳೆದರೆ ಅವು ಅದರ ಹಿಂದೆಯೇ ನಡೆಯುತ್ತವೆ. ನಮ್ಮ ಮೂಗಿಗೆ ಏನೂ ಅಲ್ಲದ್ದು ಕೀಟಕ್ಕೆ ದೊಡ್ಡ ಸುದ್ದಿಯಾಗಿರಬಹುದು. ಇರುವೆಯ ಕೆಲಸದಲ್ಲಿ ಇದನ್ನು ಮರೆಯಬೇಡಿ.

ಹಂತ 1: ಜಾಗ ಮತ್ತು ಇರುವೆ ಆರಿಸಿಕೊಳ್ಳಿ

ಸಾಲು ಕಟ್ಟಿ ನಡೆಯುವ ಸಣ್ಣ ಇರುವೆ ಪ್ರಯೋಗಕ್ಕೆ ಒಳ್ಳೆಯದು. ದಪ್ಪ ಕರಿ ಇರುವೆ, ಅಂದರೆ ಗೊದ್ದ, ನೋಡುವ ಅಭ್ಯಾಸಕ್ಕೆ ಒಳ್ಳೆಯದು. ಒಂದೊಂದನ್ನೇ ಕಣ್ಣಲ್ಲಿ ಹಿಂಬಾಲಿಸಬಹುದು. ಇದರ ಓಡಾಟ ಸಂಜೆ ಹೊತ್ತಿಗೆ ಜಾಸ್ತಿ. ಕಚ್ಚಿ ಉರಿ ಹತ್ತಿಸುವ ಕೆಂಪಿರುವೆಯನ್ನು ಬಿಟ್ಟುಬಿಡಿ, ಮಕ್ಕಳು ಜೊತೆಗಿದ್ದರಂತೂ ಬೇಡವೇ ಬೇಡ.

ದಿನವೂ ಹೋಗಲು ಸುಲಭವಾದ ಜಾಗ ಇರಲಿ. ಕಾಂಪೌಂಡ್ ಗೋಡೆ, ತೆಂಗಿನ ಬುಡ, ಮಹಡಿಯ ಹೂಕುಂಡ, ಯಾವುದಾದರೂ ಆಗುತ್ತದೆ. ಊರಾಚೆಯ ಸುಂದರ ಜಾಗಕ್ಕಿಂತ ಅಡುಗೆಮನೆಯ ಕಿಟಕಿಯೇ ಮೇಲು, ಯಾಕೆಂದರೆ ಅಲ್ಲಿಗೆ ನೀವು ನಾಳೆಯೂ ಹೋಗುತ್ತೀರಿ.

ಎಚ್ಚರಿಕೆ: ಇತ್ತೀಚೆಗೆ ಫಿನಾಯಿಲ್ ಹಾಕಿ ಒರೆಸಿದ, ಇರುವೆ ಪುಡಿ ಉದುರಿಸಿದ, ಇರುವೆ ಸೀಮೆಸುಣ್ಣದಿಂದ ಗೆರೆ ಎಳೆದ ಜಾಗ ಬೇಡ. ಅಲ್ಲಿ ನೀವು ಕಾಣುವುದು ವಿಷಕ್ಕೆ ಇರುವೆ ತೋರಿಸುವ ವರ್ತನೆ. ಮನೆಯವರಿಗೂ ಮೊದಲೇ ಹೇಳಿಡಿ. ನೀವು ಎಣಿಸುತ್ತಿರುವ ಸಾಲನ್ನು ಅಮ್ಮ ಒದ್ದೆ ಬಟ್ಟೆಯಿಂದ ಒರೆಸಿದರೆ ಅವರ ತಪ್ಪಲ್ಲ.

ಹಂತ 2: ಸುಮ್ನೆ ನೋಡಿ

ಮೊದಲ ಕೆಲವು ದಿನ ಪ್ರಯೋಗವೂ ಬೇಡ, ಎಣಿಕೆಯೂ ಬೇಡ. ದಿನಕ್ಕೆ ಅರ್ಧ ಗಂಟೆ ಕೂತು ನೋಡಿ, ಕಂಡದ್ದನ್ನು ಬರೆಯಿರಿ. ಪುಟದ ಮಧ್ಯೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡಗಡೆ ಕಂಡದ್ದು, ಬಲಗಡೆ ಅನ್ನಿಸಿದ್ದು. ಎಡಗಡೆ "ಎದುರು ಬಂದ ಎರಡು ಇರುವೆ ನಿಂತವು, ಕುಡಿಮೀಸೆ ತಾಗಿಸಿದವು, ಒಂದು ವಾಪಸ್ ತಿರುಗಿತು" ಎಂದು ಬರೆಯಿರಿ. ಬಲಗಡೆ "ಸುದ್ದಿ ಹೇಳಿತಾ?" ಎಂದು ಬರೆಯಿರಿ. ಬಲಗಡೆಯದನ್ನು ಅಳಿಸಬೇಡಿ. ಮುಂದೆ ಪ್ರಶ್ನೆಗಳು ಹುಟ್ಟುವುದೇ ಅಲ್ಲಿ. ಅದು ಎಡಗಡೆಗೆ ದಾಟದಿದ್ದರೆ ಸಾಕು.

ಪ್ರತಿ ಪುಟದ ಮೇಲೆ ತಾರೀಖು, ಶುರು ಮಾಡಿದ ಮತ್ತು ಮುಗಿಸಿದ ಸಮಯ, ಬಿಸಿಲೋ ನೆರಳೋ, ಮಳೆ ಬಂದಿತ್ತೋ ಇಲ್ಲವೋ ಎಂದು ಬರೆಯಿರಿ. ಥರ್ಮಾಮೀಟರ್ ಇದ್ದರೆ ನೆಲದ ಬಿಸಿಯನ್ನೂ ಬರೆಯಿರಿ. ಇರುವೆಯ ಮೈಬಿಸಿ ಸುತ್ತಲಿನ ಬಿಸಿಯ ಜೊತೆಗೇ ಏರಿಳಿಯುತ್ತದೆ. ಹಾಗಾಗಿ ನಡಿಗೆಯ ವೇಗವೂ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಒಂದಕ್ಕೂ ಒಂದೇ ಸಾಲು ಬೇರೆಯೇ ಥರ ಕಾಣುತ್ತದೆ.

ಈ ಹಂತ ಬೇಜಾರು ಎಂದು ಹಾರಿಸುವವರು ತುಂಬಾ ಜನ. ಶಾಲೆಯ ಪ್ರಾಜೆಕ್ಟ್‌ಗಳು ಸೋಲುವುದೂ ಬಹಳ ಸಲ ಇಲ್ಲೇ. ಪ್ರಾಣಿಯನ್ನು ನೋಡದೆ ಮಾಡಿದ ಪ್ರಯೋಗದಲ್ಲಿ ಪ್ರಶ್ನೆಯೇ ತಪ್ಪಿರುತ್ತದೆ. ಸಾಲು ಕಟ್ಟದ ಇರುವೆಯ ಮೇಲೆ ಸಾಲಿನ ಪ್ರಯೋಗ ಮಾಡಿ "ಫಲಿತಾಂಶ ಬರಲಿಲ್ಲ" ಅಂದರೆ ಏನು ಪ್ರಯೋಜನ, ಅಲ್ವಾ?

ಹಂತ 3: ವರ್ತನೆಗಳ ಪಟ್ಟಿ ಮಾಡಿ

ಇದಕ್ಕೆ ಎಥೋಗ್ರಾಮ್ ಎನ್ನುತ್ತಾರೆ. ಆ ಪ್ರಾಣಿ ಮಾಡುವ ಒಂದೊಂದು ಕೆಲಸಕ್ಕೂ ಒಂದು ಹೆಸರು ಮತ್ತು ಒಂದು ವ್ಯಾಖ್ಯೆ ಕೊಟ್ಟು ಮಾಡಿದ ಪಟ್ಟಿ ಅದು. ಹೆಸರಿಗಿಂತ ವ್ಯಾಖ್ಯೆ ಮುಖ್ಯ. ಕೆಲವು ಮಾದರಿ:

ನಡೆ: ಆರು ಕಾಲೂ ಆಡುತ್ತಿವೆ, ಜಾಗ ಬದಲಾಗುತ್ತಿದೆ.
ನಿಲ್ಲು: ಎರಡು ಸೆಕೆಂಡಿಗಿಂತ ಜಾಸ್ತಿ ಹೊತ್ತು ಜಾಗ ಬದಲಾಗಿಲ್ಲ.
ತಾಗಿಸು: ಇನ್ನೊಂದು ಇರುವೆಯ ಮೈಗೆ ಕುಡಿಮೀಸೆ ಮುಟ್ಟಿದೆ.
ಉಣಿಸು: ಎರಡು ಇರುವೆಗಳ ಬಾಯಿ ಸೇರಿಕೊಂಡಿದೆ, ಎರಡೂ ನಿಂತಿವೆ.
ಹೊರು: ದವಡೆಯಲ್ಲಿ ಏನೋ ಇದೆ, ಅದು ನೆಲದಿಂದ ಮೇಲಿದೆ.
ಎಳೆ: ದವಡೆಯಲ್ಲಿ ಏನೋ ಇದೆ, ಅದು ನೆಲಕ್ಕೆ ತಾಗುತ್ತಿದೆ.
ಉಜ್ಜು: ಕಾಲಿನಿಂದ ತನ್ನದೇ ಮೈ ಅಥವಾ ಕುಡಿಮೀಸೆ ತೀಡಿಕೊಳ್ಳುತ್ತಿದೆ.

"ಉಣಿಸು" ಎಂಬ ಹೆಸರಿನಲ್ಲೇ ಸ್ವಲ್ಪ ಊಹೆ ಇದೆ. ಇರುವೆಗಳು ತಮ್ಮ ಎರಡನೇ ಹೊಟ್ಟೆಯಲ್ಲಿ ಕೂಡಿಟ್ಟ ದ್ರವವನ್ನು ಬಾಯಿಯಿಂದ ಬಾಯಿಗೆ ಹಂಚುತ್ತವೆ ಎಂಬುದು ಗೊತ್ತಿರುವ ವಿಷಯ. ಹಾಗಾಗಿ ಈ ಹೆಸರು ಇಟ್ಟುಕೊಳ್ಳಬಹುದು. ಆದರೆ "ಪ್ರೀತಿ ಮಾಡು", "ಬೈಯು", "ಹೆದರು" ಇವೆಲ್ಲ ಪಟ್ಟಿಗೆ ಬರಬಾರದು.

ಪಟ್ಟಿ ಸರಿಯಾಗಿದೆಯಾ ಎಂದು ತಿಳಿಯುವುದು ಹೇಗೆ? ಇನ್ನೊಬ್ಬರಿಗೆ ಅದನ್ನು ಕೊಡಿ. ಇಬ್ಬರೂ ಒಂದೇ ಇರುವೆಯನ್ನು ಹತ್ತು ನಿಮಿಷ ನೋಡಿ, ಒಬ್ಬರದನ್ನೊಬ್ಬರು ನೋಡದೆ ಬರೆಯಿರಿ. ಆಮೇಲೆ ಹೋಲಿಸಿ. ಒಂದೇ ಘಟನೆಗೆ ನೀವು "ಹೊರು", ಅವರು "ಎಳೆ" ಎಂದು ಬರೆದಿದ್ದರೆ ದೋಷ ವ್ಯಾಖ್ಯೆಯದು. ತಿದ್ದಿ, ಮತ್ತೆ ನೋಡಿ. ಮನೆಯ ಮಕ್ಕಳು ಈ ಕೆಲಸಕ್ಕೆ ತುಂಬಾ ಒಳ್ಳೆಯ ಜೊತೆಗಾರರು. ಅರ್ಥವಾಗದ ವ್ಯಾಖ್ಯೆಯನ್ನು ಅವರು ಮುಲಾಜಿಲ್ಲದೆ ಪ್ರಶ್ನಿಸುತ್ತಾರೆ.

ಹಂತ 4: ಯಾವುದನ್ನು, ಯಾವಾಗ ನೋಡಬೇಕೆಂದು ಮೊದಲೇ ತೀರ್ಮಾನಿಸಿ

ಸುಮ್ನೆ ನೋಡುವಾಗ ಕಣ್ಣು ಗದ್ದಲ ಇರುವ ಕಡೆ ಓಡುತ್ತದೆ. ಜಗಳ, ಹೊತ್ತೊಯ್ಯುವ ಸತ್ತ ಜಿರಳೆ, ಇಂಥವು ಬೇಗ ಕಾಣುತ್ತವೆ. ಸುಮ್ಮನೆ ನಿಂತ ಇರುವೆ ಕಾಣುವುದೇ ಇಲ್ಲ. ಹಾಗೆ ಬರೆದದ್ದನ್ನು ಎಣಿಸಿದರೆ ಇರುವೆಗಳು ದಿನವಿಡೀ ಜಗಳವಾಡುತ್ತವೆ ಎಂಬ ಲೆಕ್ಕ ಬರುತ್ತದೆ. ಕೀನ್ಯಾದ ಅಂಬೊಸೆಲಿಯಲ್ಲಿ ಬಬೂನ್ ಕೋತಿಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ 1974ರಲ್ಲಿ ಈ ತೊಂದರೆಯ ಬಗ್ಗೆ ಒಂದು ಲೇಖನ ಬರೆದರು. ಕ್ಷೇತ್ರದಲ್ಲಿ ಪ್ರಾಣಿ ನೋಡುವವರು ಇವತ್ತಿಗೂ ಅದೇ ದಾರಿಯಲ್ಲಿ ನಡೆಯುತ್ತಾರೆ. ನಿಮಗೆ ಅದರಲ್ಲಿ ಎರಡು ವಿಧಾನ ಸಾಕು.

ಒಂದು, ಫೋಕಲ್ ಸ್ಯಾಂಪ್ಲಿಂಗ್. ಒಂದೇ ಪ್ರಾಣಿಯನ್ನು ಆರಿಸಿಕೊಂಡು, ಗೊತ್ತು ಮಾಡಿದಷ್ಟು ಹೊತ್ತು ಅದನ್ನು ಮಾತ್ರ ನೋಡುವುದು. ಗೊದ್ದ ಇದಕ್ಕೆ ಸರಿ. ಐದು ನಿಮಿಷ ಒಂದರ ಹಿಂದೆ ಇರಿ. ಬೇಜಾರಾದರೂ ಕಣ್ಣು ಬದಲಿಸಬೇಡಿ. ಅದು ಕಣ್ಮರೆಯಾದರೆ "ಕಣ್ಮರೆ, 3 ನಿಮಿಷ 20 ಸೆಕೆಂಡ್" ಎಂದು ಬರೆಯಿರಿ. ಪಕ್ಕದ ಇರುವೆಯನ್ನು ಅದರ ಬದಲಿಗೆ ಹಿಡಿಯಬೇಡಿ.

ಎರಡು, ಸ್ಕ್ಯಾನ್ ಸ್ಯಾಂಪ್ಲಿಂಗ್. ಐದು ನಿಮಿಷಕ್ಕೊಮ್ಮೆ ಅಲಾರಂ ಇಟ್ಟುಕೊಳ್ಳಿ. ಅಲಾರಂ ಹೊಡೆದಾಗ ಗೊತ್ತು ಮಾಡಿದ ಚೌಕದಲ್ಲಿ ಪ್ರತಿಯೊಂದು ಇರುವೆಯೂ ಆ ಕ್ಷಣ ಏನು ಮಾಡುತ್ತಿದೆ ಎಂದು ಎಡದಿಂದ ಬಲಕ್ಕೆ ನೋಡುತ್ತಾ ಬರೆಯಿರಿ. ನಡುವಿನ ಹೊತ್ತಿನಲ್ಲಿ ಎಷ್ಟೇ ಸ್ವಾರಸ್ಯದ್ದು ನಡೆದರೂ ಅದು ಈ ಎಣಿಕೆಗೆ ಸೇರುವುದಿಲ್ಲ, ಬೇರೆ ಪುಟದಲ್ಲಿ ಬರೆಯಿರಿ. ಚೌಕ ಗುರುತಿಸಲು ದಾರ ಬಳಸಿ. ಸೀಮೆಸುಣ್ಣ ಬೇಡ, ಅದರ ಪುಡಿಯನ್ನು ದಾಟಲು ಇರುವೆಗಳು ಹಿಂಜರಿಯಬಹುದು.

ಒಂದು ಗುಂಪು ತನ್ನ ಹೊತ್ತನ್ನು ಹೇಗೆ ಕಳೆಯುತ್ತದೆ ಎಂಬ ಲೆಕ್ಕ ಸ್ಕ್ಯಾನ್‌ನಿಂದ ಸಿಗುತ್ತದೆ. ಯಾವುದರ ನಂತರ ಯಾವುದು ಬರುತ್ತದೆ ಎಂಬುದು ಫೋಕಲ್‌ನಿಂದ ಸಿಗುತ್ತದೆ. ನಿಮ್ಮ ಪ್ರಶ್ನೆ ಯಾವುದೋ ಅದಕ್ಕೆ ತಕ್ಕದ್ದನ್ನು ಹಿಡಿಯಿರಿ.

ಹಂತ 5: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಇರುವೆಗಳು ಯಾಕೆ ಸಾಲಾಗಿ ಹೋಗುತ್ತವೆ?" ಇದು ನೋಡಲು ಒಂದೇ ಪ್ರಶ್ನೆ, ಒಳಗೆ ನಾಲ್ಕಿವೆ. ಹೀಗೆ ಬಿಡಿಸಿ ತೋರಿಸಿದವರು ನಿಕೋ ಟಿನ್‌ಬರ್ಗನ್, 1963ರಲ್ಲಿ. ಪ್ರಾಣಿ ವರ್ತನೆಯ ಕೆಲಸಕ್ಕೆ 1973ರ ನೊಬೆಲ್ ಪ್ರಶಸ್ತಿಯನ್ನು ಕಾನ್ರಾಡ್ ಲೊರೆನ್ಜ್ ಮತ್ತು ಕಾರ್ಲ್ ಫಾನ್ ಫ್ರಿಶ್ ಅವರ ಜೊತೆ ಹಂಚಿಕೊಂಡವರು ಅವರು. ನಾಲ್ಕು ಪ್ರಶ್ನೆ ಇವು: ಆ ಕ್ಷಣ ಯಾವುದು ಆ ವರ್ತನೆಯನ್ನು ಎಬ್ಬಿಸುತ್ತದೆ? ಹುಟ್ಟಿದಾಗಿನಿಂದ ಬೆಳೆಯುತ್ತಾ ಅದು ಹೇಗೆ ಬರುತ್ತದೆ? ಬದುಕಿ ಉಳಿಯಲು, ಸಂತಾನಕ್ಕೆ ಅದರಿಂದ ಏನು ಉಪಯೋಗ? ಆ ಜಾತಿಯ ಪೂರ್ವಜರಲ್ಲಿ ಅದು ಹೇಗೆ ಬಂತು?

ಮನೆಯಂಗಳದಲ್ಲಿ ನಿಮ್ಮ ಕೈಗೆ ಸಿಗುವುದು ಮೊದಲನೆಯದು. ಅದನ್ನೂ ಇನ್ನೊಂದಿಷ್ಟು ಕತ್ತರಿಸಿ. "ಆಹಾರ ಸಿಕ್ಕಿದ ದಾರಿಯನ್ನು ಈ ಇರುವೆಗಳು ನೆಲದ ವಾಸನೆಯಿಂದ ಹಿಡಿಯುತ್ತವೆಯೇ, ಎಡ-ಬಲ ನೆನಪಿಟ್ಟುಕೊಂಡು ಹೋಗುತ್ತವೆಯೇ?" ಈಗ ಇದು ಪರೀಕ್ಷೆ ಮಾಡಬಹುದಾದ ಪ್ರಶ್ನೆ.

ನೆಲದ ವಾಸನೆ ಎಂದರೆ ಇಲ್ಲಿ ಫೆರೊಮೋನ್. ಒಂದು ಪ್ರಾಣಿ ಮೈಯಿಂದ ಹೊರಬಿಟ್ಟು, ಅದೇ ಜಾತಿಯ ಇನ್ನೊಂದು ಪ್ರಾಣಿಯ ವರ್ತನೆಯನ್ನು ಬದಲಿಸುವ ರಾಸಾಯನಿಕ. ಈ ಹೆಸರು ಬಂದದ್ದು 1959ರಲ್ಲಿ. ಅನುಮಾನ ಮಾತ್ರ ಹಳೆಯದು. 18ನೇ ಶತಮಾನದಲ್ಲೇ ಜಿನೀವಾದ ಶಾರ್ಲ್ ಬೊನೆ ಇರುವೆ ಸಾಲಿಗೆ ಅಡ್ಡಲಾಗಿ ಬೆರಳು ಉಜ್ಜಿ, ಅಲ್ಲಿಗೆ ಬಂದ ಇರುವೆಗಳು ತಡವರಿಸುವುದನ್ನು ಕಂಡಿದ್ದರು. ನೀವೂ ಉಜ್ಜಿ ನೋಡಿ. ಆದರೆ ಅಷ್ಟಕ್ಕೇ "ವಾಸನೆ ಅಳಿಸಿತು" ಎಂದು ಬರೆಯಬೇಡಿ. ಬೆರಳಿನ ಬೆವರು ಹೊಸ ವಾಸನೆ ಸೇರಿಸಿರಬಹುದಲ್ಲ? ಈ ಅನುಮಾನವನ್ನು ಬಗೆಹರಿಸುವುದೇ ಮುಂದಿನ ಹಂತ.

ಹಂತ 6: ಪ್ರಯೋಗ ಕಟ್ಟಿ

ಒಳ್ಳೆಯ ಪ್ರಯೋಗದಲ್ಲಿ ಒಂದೇ ಒಂದು ಸಂಗತಿ ಬದಲಾಗುತ್ತದೆ, ಉಳಿದದ್ದೆಲ್ಲ ಇದ್ದ ಹಾಗೇ ಇರುತ್ತದೆ. ಟಿನ್‌ಬರ್ಗನ್ ಜೇನುನೊಣ ಹಿಡಿಯುವ ಒಂದು ಕಣಜದ ಬಿಲದ ಸುತ್ತ ಪೈನ್ ಕಾಯಿಗಳನ್ನು ವೃತ್ತವಾಗಿ ಜೋಡಿಸಿದರು. ಕಣಜ ಅದಕ್ಕೆ ಒಗ್ಗಿಕೊಂಡ ಮೇಲೆ, ಅದು ಬೇಟೆಗೆ ಹೋದಾಗ ವೃತ್ತವನ್ನು ಸ್ವಲ್ಪ ದೂರಕ್ಕೆ ಸರಿಸಿದರು. ಬಿಲ ಇದ್ದಲ್ಲೇ ಇತ್ತು. ಕಣಜ ಬಂದು ಇಳಿದದ್ದು ಕಾಯಿಗಳ ನಡುವೆ. ನಾವೂ ಅದೇ ರೀತಿ, ಗುರುತು ಸರಿಸಿ ನೋಡೋಣ.

ರಟ್ಟಿನಿಂದ ಇಂಗ್ಲಿಷ್‌ನ 'ವೈ' ಅಕ್ಷರದ ಆಕಾರದಲ್ಲಿ ಒಂದು ಕವಲು ಸೇತುವೆ ಕತ್ತರಿಸಿ. ಅಗಲ 2 ಸೆಂಟಿಮೀಟರ್. ಬುಡ 15 ಸೆಂಟಿಮೀಟರ್, ಎರಡು ಕವಲು ತಲಾ 10. ಕವಲುಗಳ ಮೇಲೆ ಅದೇ ಅಳತೆಯ ಬಿಳಿ ಕಾಗದದ ಪಟ್ಟಿ ಹಾಸಿ. ಅಂಟು ಬೇಡ, ಎತ್ತಿ ಬದಲಿಸಲು ಬರಬೇಕು. ಗಾಳಿಗೆ ಹಾರುವ ಹಾಗಿದ್ದರೆ ಅಂಚನ್ನು ರಟ್ಟಿನ ಕೆಳಕ್ಕೆ ಮಡಚಿ.

ಮೂರು ತಟ್ಟೆಗೆ ನೀರು ಹಾಕಿ, ಒಂದೊಂದರಲ್ಲೂ ಲೋಟ ಬೋರಲು ಹಾಕಿ. ಸಿಹಿತಿಂಡಿಗೆ ಇರುವೆ ಹತ್ತದಿರಲಿ ಎಂದು ಮನೆಯಲ್ಲಿ ನೀರಿನ ತಟ್ಟೆಯಲ್ಲಿ ಡಬ್ಬಿ ಇಡುತ್ತಾರಲ್ಲ, ಉಪಾಯ ಅದೇ. ಒಂದು ಲೋಟ ಕವಲೊಡೆಯುವ ಜಾಗದ ಕೆಳಗೆ, ಉಳಿದೆರಡು ಕವಲುಗಳ ತುದಿಗೆ. ಬುಡದ ತುದಿ ಇರುವೆ ಸಾಲು ಇರುವ ಗೋಡೆಗೋ ಕಲ್ಲಿಗೋ ತಾಗಲಿ. ಈಗ ಲೋಟಗಳಿಗೆ ಬರಲು ಸೇತುವೆ ಬಿಟ್ಟರೆ ಬೇರೆ ದಾರಿ ಇಲ್ಲ.

ಒಂದು ಚಮಚ ಸಕ್ಕರೆಗೆ ನಾಲ್ಕು ಚಮಚ ನೀರು ಬೆರೆಸಿ. ಬಾಟಲಿ ಮುಚ್ಚಳದಲ್ಲಿ ಹತ್ತಿ ಇಟ್ಟು ಅದರ ಮೇಲೆ ಹಾಕಿ, ಇಲ್ಲದಿದ್ದರೆ ಇರುವೆಗಳು ಮುಳುಗಿ ಸಾಯುತ್ತವೆ. ಒಂದು ಕವಲಿನ ತುದಿಗೆ ಸಕ್ಕರೆ ನೀರಿನ ಮುಚ್ಚಳ, ಇನ್ನೊಂದಕ್ಕೆ ಬರೀ ನೀರಿನ ಮುಚ್ಚಳ. ಸಕ್ಕರೆ ಎಡಕ್ಕೋ ಬಲಕ್ಕೋ? ನಾಣ್ಯ ಚಿಮ್ಮಿ ನಿರ್ಧರಿಸಿ. ನೀವೇ ಆರಿಸಿದರೆ ಗೊತ್ತಿಲ್ಲದೆ ಪ್ರತಿ ಸಲವೂ ಕಿಟಕಿ ಕಡೆ ಇಡುತ್ತೀರಿ. ಆಮೇಲೆ ಇರುವೆ ಹೋದದ್ದು ಬೆಳಕಿಗೋ ಸಕ್ಕರೆಗೋ ಎಂದು ಹೇಳಲು ಆಗುವುದಿಲ್ಲ.

ಸಕ್ಕರೆ ಕವಲಿನಲ್ಲಿ ಸಾಲು ಕಟ್ಟುವ ತನಕ ಬಿಡಿ. ಸಾಲು ಶುರುವಾದ ಮೇಲೆ ಇನ್ನೂ ಅರ್ಧ ಗಂಟೆ ಕಾಯಿರಿ. ಆಮೇಲೆ ಎರಡೂ ಮುಚ್ಚಳ ತೆಗೆಯಿರಿ. ಪರೀಕ್ಷೆಯ ಹೊತ್ತಿನಲ್ಲಿ ಆಹಾರ ಇರಬಾರದು. ಇದ್ದರೆ ಅದರ ವಾಸನೆಯೇ ಎಳೆಯಬಹುದು, ತಿಂದು ಹೊರಟ ಇರುವೆಗಳು ಹೊಸ ಗುರುತನ್ನೂ ಹಾಕುತ್ತವೆ. ಈಗ ಕಾಗದದ ಪಟ್ಟಿಗಳ ಕೆಲಸ. ಮೂರು ಪರೀಕ್ಷೆಗಳಿವೆ, ಒಂದು ಸಲಕ್ಕೆ ಒಂದನ್ನು ಮಾತ್ರ ಮಾಡಬೇಕು.

ಪರೀಕ್ಷೆ ಒಂದು: ಎರಡೂ ಪಟ್ಟಿ ಎತ್ತಿ, ಇದ್ದಲ್ಲೇ ಮತ್ತೆ ಇಡಿ.
ಪರೀಕ್ಷೆ ಎರಡು: ಪಟ್ಟಿಗಳನ್ನು ಅದಲು ಬದಲು ಮಾಡಿ. ಇರುವೆ ನಡೆದ ಪಟ್ಟಿ ಈಗ ಖಾಲಿ ಕವಲಿನ ಮೇಲೆ.
ಪರೀಕ್ಷೆ ಮೂರು: ಎರಡನ್ನೂ ತೆಗೆದು ಎರಡೂ ಕಡೆ ಹೊಸ ಪಟ್ಟಿ ಹಾಸಿ.

ಮೊದಲನೆಯದನ್ನು ದಯವಿಟ್ಟು ಬಿಡಬೇಡಿ. "ಏನೂ ಬದಲಾಗಲಿಲ್ಲವಲ್ಲ, ಯಾಕೆ ಮಾಡಬೇಕು?" ಎಂದು ತುಂಬಾ ಜನ ಕೇಳುತ್ತಾರೆ. ಬದಲಾದದ್ದು ಇದೆ. ನೀವು ಕೈ ಹಾಕಿದಿರಿ, ಸೇತುವೆ ಅಲುಗಿತು. ಅಷ್ಟಕ್ಕೇ ಇರುವೆಗಳು ದಿಕ್ಕು ತಪ್ಪಿದರೆ ಎರಡನೇ ಪರೀಕ್ಷೆಯ ಫಲಿತಾಂಶಕ್ಕೆ ಬೆಲೆಯೇ ಇಲ್ಲ. ಇಂಥ ಹೋಲಿಕೆಯ ಪರೀಕ್ಷೆಗೆ ನಿಯಂತ್ರಣ ಅಥವಾ ಕಂಟ್ರೋಲ್ ಎನ್ನುತ್ತಾರೆ. ಜೇನುನೊಣಕ್ಕೆ ಬಣ್ಣ ಕಾಣುತ್ತದೆ ಎಂದು ಫಾನ್ ಫ್ರಿಶ್ ತೋರಿಸಿದ್ದೂ ಕಂಟ್ರೋಲ್‌ನ ಬಲದಿಂದಲೇ. ನೀಲಿ ಕಾಗದದ ಮೇಲೆ ಸಕ್ಕರೆ ನೀರು ಸಿಗುತ್ತದೆ ಎಂದು ನೊಣಗಳಿಗೆ ಕಲಿಸಿದರು. ನೀಲಿಯನ್ನು ಅವು ಒಂದು ಥರದ ಬೂದು ಎಂದು ಗುರುತಿಸುತ್ತಿದ್ದರೆ? ಅದಕ್ಕೆ ತಿಳಿಯಿಂದ ಕಡುವಿನವರೆಗೆ ಹಲವು ಬೂದು ಕಾಗದಗಳ ನಡುವೆ ನೀಲಿಯನ್ನು ಇಟ್ಟರು. ಕಾಗದದ ವಾಸನೆ ಹಿಡಿದು ಬರುತ್ತಿದ್ದರೆ? ಅದಕ್ಕೆ ಮೇಲೆ ಗಾಜು ಮುಚ್ಚಿದರು. ಒಂದೊಂದು ಅನುಮಾನಕ್ಕೂ ಒಂದೊಂದು ಬಾಗಿಲು ಮುಚ್ಚುತ್ತಾ ಹೋದರು. ಪ್ರಯೋಗ ಮಾಡುವುದು ಅಂದರೆ ಇದೇ.

ಪಟ್ಟಿ ಎತ್ತುವಾಗ ಗಮನಿಸಬೇಕಾದ್ದು:

ಕೈಗೆ ಎಣ್ಣೆ, ಕ್ರೀಮ್, ಸೆಂಟು ಇರಬಾರದು. ಚಿಮಟ ಬಳಸಿ.
ಪಟ್ಟಿಯ ಮೇಲಿನ ಇರುವೆಗಳನ್ನು ಬ್ರಷ್‌ನಿಂದ ಮೆಲ್ಲಗೆ ಸರಿಸಿ. ಉಫ್ ಎಂದು ಊದಬೇಡಿ, ಉಸಿರಿಗೆ ಅವು ಗಾಬರಿಯಾಗಿ ಚೆದುರುತ್ತವೆ.
ಅದಲು ಬದಲು ಮಾಡುವಾಗ ಕವಲಿನ ಕಡೆಗಿದ್ದ ತುದಿ ಕವಲಿನ ಕಡೆಗೇ ಇರಲಿ.
ಸೇತುವೆಯ ಬುಡವನ್ನು ಮುಟ್ಟಬೇಡಿ.

ಎಣಿಕೆ ಹೀಗೆ: ಎರಡೂ ಕವಲಿನಲ್ಲಿ ಕವಲೊಡೆದ ಜಾಗದಿಂದ 2 ಸೆಂಟಿಮೀಟರ್ ಒಳಗೆ ಪೆನ್ಸಿಲ್‌ನಿಂದ ಮೊದಲೇ ಗೆರೆ ಹಾಕಿಡಿ. ಹೊಸ ಪಟ್ಟಿಗಳಿಗೂ ಹಾಕಿ. ಗೂಡಿನ ಕಡೆಯಿಂದ ಬಂದು ಗೆರೆ ದಾಟಿದ ಇರುವೆಗಳನ್ನು ಮಾತ್ರ ಎಣಿಸಿ. ಮೊದಲ ಐದು ನಿಮಿಷ ಸಾಕು. ಹೊತ್ತು ಹೆಚ್ಚಾದಷ್ಟೂ ಅದೇ ಇರುವೆ ಮತ್ತೆ ಮತ್ತೆ ಎಣಿಕೆಗೆ ಸೇರುತ್ತದೆ.

ಶುರು ಮಾಡುವ ಮೊದಲೇ ನೋಟ್‌ಬುಕ್‌ನಲ್ಲಿ ಬರೆದಿಡಿ. ವಾಸನೆಯೇ ದಾರಿಯಾದರೆ ಎರಡನೇ ಪರೀಕ್ಷೆಯಲ್ಲಿ ಇರುವೆಗಳು ಕಾಗದದ ಹಿಂದೆ, ಅಂದರೆ ಹೊಸ ಕಡೆಗೆ ಹೋಗಬೇಕು. ಮೂರನೆಯದರಲ್ಲಿ ಎರಡೂ ಕಡೆ ಸುಮಾರು ಸಮ ಆಗಬೇಕು. ನೆನಪೇ ದಾರಿಯಾದರೆ ಎರಡರಲ್ಲೂ ಹಳೆಯ ಕಡೆಗೇ ಹೋಗಬೇಕು. ಎರಡೂ ಬೆರೆತಿರುವ ಸಾಧ್ಯತೆಯೂ ಇದೆ. ಯುರೋಪಿನ ತೋಟಗಳ ಕಪ್ಪಿರುವೆ ಲಾಸಿಯಸ್ ನೈಜರ್‌ನಲ್ಲಿ, ದಾರಿ ಕಲಿತ ಇರುವೆಗಳು ವಾಸನೆಗೂ ನೆನಪಿಗೂ ಜಗಳ ಬಂದಾಗ ನೆನಪಿನ ಕಡೆಗೇ ವಾಲುತ್ತವೆ. ನಿಮ್ಮ ಗೋಡೆಯ ಇರುವೆ ಏನು ಮಾಡುತ್ತದೆ ಎಂಬುದನ್ನು ಅದೇ ಹೇಳಬೇಕು. ಪುಸ್ತಕದಲ್ಲಿ "ಇರುವೆ ವಾಸನೆ ಹಿಡಿದು ಹೋಗುತ್ತದೆ" ಎಂದಿದೆ ಎಂದು ಲೆಕ್ಕ ತಿದ್ದಬೇಡಿ.

ಹಂತ 7: ನಿಮ್ಮ ಆಸೆಯಿಂದ ಲೆಕ್ಕವನ್ನು ಕಾಪಾಡಿ

1904ರ ಹೊತ್ತಿಗೆ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಹೆಸರಾಗಿತ್ತು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಮಾಲೀಕ ಮೋಸ ಮಾಡುತ್ತಿರಲಿಲ್ಲ. ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿದಾಗ ಗುಟ್ಟು ತಿಳಿಯಿತು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಕುದುರೆಗೆ ಅವರು ಕಾಣದಿದ್ದರೆ, ಉತ್ತರ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ, ಮೈ ಸ್ವಲ್ಪವೇ ಆಡುತ್ತಿತ್ತು, ಕುದುರೆ ಅದನ್ನು ಓದುತ್ತಿತ್ತು.

ಇರುವೆ ನಿಮ್ಮ ಮುಖ ಓದುವುದಿಲ್ಲ, ನಿಜ. ಆದರೆ ಗೆರೆಯ ಮೇಲೆ ಅರ್ಧ ದಾಟಿ ನಿಂತ ಇರುವೆಯನ್ನು ಎಣಿಸಬೇಕೋ ಬೇಡವೋ ಎಂದು ನಿರ್ಧರಿಸುವವರು ನೀವು. ಯಾವ ಕಡೆ ಗೆಲ್ಲಲಿ ಎಂಬ ಆಸೆ ಇದ್ದರೆ ಕಣ್ಣು ಆ ಕಡೆಗೆ ಉದಾರಿಯಾಗುತ್ತದೆ. ಇದಕ್ಕೆ ಉಪಾಯ ಸುಲಭ. ಪಟ್ಟಿ ಬದಲಿಸುವ ಕೆಲಸ ಒಬ್ಬರು ಮಾಡಲಿ, ಎಣಿಸುವವರು ಆಗ ಹೊರಗಿರಲಿ. ಯಾವ ಪರೀಕ್ಷೆ ಎಂದು ಎಣಿಸುವವರಿಗೆ ಗೊತ್ತಾಗಬಾರದು. ಒಬ್ಬರೇ ಇದ್ದರೆ ಮೊಬೈಲ್‌ನಲ್ಲಿ ಮೇಲಿನಿಂದ ವಿಡಿಯೋ ಮಾಡಿ, ಫೈಲ್‌ಗೆ ಬರೀ ನಂಬರ್ ಕೊಟ್ಟು, ಬೇರೆಯವರಿಂದ ಎಣಿಕೆ ಮಾಡಿಸಿ. ಇದಕ್ಕೆ ಬ್ಲೈಂಡ್ ಎಣಿಕೆ ಎನ್ನುತ್ತಾರೆ. ಕ್ಯಾಮೆರಾ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ.

ಹಂತ 8: ಲೆಕ್ಕದಲ್ಲಿ ಮೋಸಹೋಗಬೇಡಿ

ಒಂದು ಪರೀಕ್ಷೆಯಲ್ಲಿ 60 ಇರುವೆ ಎಣಿಸಿದಿರಿ, 45 ಹೊಸ ಕಡೆಗೆ ಹೋದವು ಎಂದುಕೊಳ್ಳೋಣ. ನಿಮ್ಮ ಬಳಿ 60 ಸಾಕ್ಷಿಗಳಿವೆಯೇ? ಇಲ್ಲ, ಇರುವುದು ಒಂದೇ. ಆ 60 ಇರುವೆಗಳು ಒಂದೇ ಗೂಡಿನವು, ಒಂದೇ ಸೇತುವೆಯ ಮೇಲೆ, ಒಂದರ ಹಿಂದೆ ಒಂದು ನಡೆದವು. ಮುಂದಿನದು ಹೋದ ಕಡೆ ಹಿಂದಿನದೂ ಹೋಗಿರುತ್ತದೆ. ಸಾಕ್ಷಿಗಳು ಒಬ್ಬರನ್ನೊಬ್ಬರು ಕೇಳಿಕೊಂಡು ಹೇಳಿದ ಹಾಗೆ ಇದು. ಈ ತಪ್ಪಿಗೆ 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಸ್ಯೂಡೊರೆಪ್ಲಿಕೇಷನ್ ಎಂದು ಹೆಸರಿಟ್ಟರು, ಅಂದರೆ ಹುಸಿ ಪುನರಾವರ್ತನೆ. ಕಲಿತ ವಿಜ್ಞಾನಿಗಳೂ ಎಡವುವ ಜಾಗ ಇದು.

ಹಾಗಾಗಿ ಒಂದು ಪರೀಕ್ಷೆಗೆ ಒಂದೇ ಉತ್ತರ ಬರೆಯಿರಿ: "ಹೆಚ್ಚಿನವು ಹೊಸ ಕಡೆಗೆ" ಅಥವಾ "ಹೆಚ್ಚಿನವು ಹಳೆ ಕಡೆಗೆ". ಆಮೇಲೆ ಬೇರೆ ಗೂಡುಗಳಲ್ಲಿ ಮಾಡಿ. ಪಕ್ಕಪಕ್ಕದ ಎರಡು ತೂತು ಒಂದೇ ಸಂಸಾರದ್ದಾಗಿರಬಹುದು, ಅದಕ್ಕೆ ದೂರ ದೂರದ ಜಾಗ ಆರಿಸಿ. ಅಜ್ಜಿ ಮನೆ, ಗೆಳೆಯರ ಮನೆ, ಶಾಲೆಯ ಅಂಗಳ. ಪ್ರತಿ ಸಲ ಹೊಸ ಕಾಗದ, ಹೊಸ ರಟ್ಟು.

ಎಷ್ಟು ಗೂಡು ಸಾಕು? ನಾಣ್ಯದ ಲೆಕ್ಕದಿಂದ ಅಂದಾಜು ಸಿಗುತ್ತದೆ. ಇರುವೆಗಳಿಗೆ ಯಾವ ಕಡೆಯಾದರೂ ಒಂದೇ ಎಂದಿದ್ದರೆ ಪ್ರತಿ ಗೂಡಿನ ಉತ್ತರವೂ ನಾಣ್ಯ ಚಿಮ್ಮಿದ ಹಾಗೆ. ನಾಣ್ಯವನ್ನು 10 ಸಲ ಚಿಮ್ಮಿದರೆ 8 ಅಥವಾ ಅದಕ್ಕಿಂತ ಹೆಚ್ಚು ಸಲ ತಲೆ ಬೀಳುವ ಸಾಧ್ಯತೆ ಶೇಕಡಾ 5.5ರಷ್ಟು. 9 ಅಥವಾ ಹೆಚ್ಚು ಬೀಳುವುದು ಶೇಕಡಾ 1.1ರಷ್ಟು. ಹತ್ತಕ್ಕೆ ಹತ್ತೂ ಬೀಳುವುದು 1024ಕ್ಕೆ ಒಂದು. ಹತ್ತು ಗೂಡಿನಲ್ಲಿ ಒಂಬತ್ತು ಕಾಗದದ ಹಿಂದೆ ಹೋದರೆ, ಆಕಸ್ಮಿಕ ಎನ್ನುವುದು ಕಷ್ಟ. ಆರು ಹೋದರೆ ಏನೂ ಹೇಳುವ ಹಾಗಿಲ್ಲ. ಎಷ್ಟು ಗೂಡು ಎಂಬುದನ್ನು ಶುರುವಿನಲ್ಲೇ ನಿರ್ಧರಿಸಿ, ಅಷ್ಟನ್ನೂ ಮುಗಿಸಿ. ಬೇಕಾದ ಉತ್ತರ ಬಂದ ಕೂಡಲೇ ನಿಲ್ಲಿಸುವುದು ನಿಮ್ಮನ್ನು ನೀವೇ ವಂಚಿಸಿಕೊಂಡಂತೆ.

ಮಳೆ ಬಂದದ್ದು, ಬೆಕ್ಕು ಬಂದು ಸೇತುವೆ ಬೀಳಿಸಿದ್ದು, ಇರುವೆಗಳು ಬರಲೇ ಇಲ್ಲದ್ದು, ಎಲ್ಲವೂ ನೋಟ್‌ಬುಕ್‌ನಲ್ಲಿ ಇರಲಿ. ಶಾಲೆಯ ಮಕ್ಕಳಿಗೆ ಇದನ್ನು ಒತ್ತಿ ಹೇಳಿ. ಚೆಂದ ಕಾಣಲಿ ಎಂದು ಸಂಖ್ಯೆ ತುಂಬಿಸುವುದಕ್ಕಿಂತ ಖಾಲಿ ಬಿಟ್ಟ ಸಾಲು ಸಾವಿರ ಪಾಲು ಮೇಲು.

ಬೇರೆ ಪ್ರಾಣಿಗಳ ಮೇಲೆ ಮಾಡಬಹುದಾ?

ನೋಡಬಹುದು. ಕಾಗೆ, ಅಳಿಲು, ಬಲ್ಬಿನ ಹತ್ತಿರ ಹುಳ ಹಿಡಿಯುವ ಹಲ್ಲಿ, ಬೀದಿನಾಯಿ, ಇವೆಲ್ಲದಕ್ಕೂ ಹಂತ 2ರಿಂದ 4ರವರೆಗಿನದು ಹಾಗೇ ಹೊಂದುತ್ತದೆ. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ ವರ್ತನೆಯನ್ನು ಬೀದಿಯಲ್ಲೇ ಅಧ್ಯಯನ ಮಾಡಿದೆ. ಮನುಷ್ಯ ಬೆರಳು ತೋರಿಸಿದ ಕಡೆಗೆ ಅವು ಹೋಗುತ್ತವೆಯೇ ಎಂಬುದನ್ನೂ ಪರೀಕ್ಷಿಸಿದೆ.

ಆದರೆ ನೀವು ನೋಡುವುದಕ್ಕೇ ನಿಲ್ಲಿಸಿ. ಗಿಣಿ, ಮೈನಾದಂಥ ಕಾಡುಹಕ್ಕಿಗಳನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಕ್ಕಿ ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ, ತಾಯಿ ಗೂಡು ಬಿಟ್ಟುಹೋಗಬಹುದು. ಕೋತಿಗೆ ತಿಂಡಿ ಹಾಕಿ ಪರೀಕ್ಷಿಸಬೇಡಿ. ಹೆಜ್ಜೇನಿನ ಹತ್ತಿರ ಸುಳಿಯಲೇಬೇಡಿ. ಮರಿಗಳಿರುವ ನಾಯಿಯಿಂದ ದೂರ ಇರಿ. ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆ ತಡ ಮಾಡಬೇಡಿ.

ಇರುವೆಗೂ ಜೀವ ಇದೆ. ಕಾಲು ಮುರಿಯುವುದು, ಕುಡಿಮೀಸೆ ಕತ್ತರಿಸುವುದು ಈ ಪ್ರಶ್ನೆಗಳಿಗೆ ಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಸೇತುವೆಯ ಮೇಲಿನ ಇರುವೆಗಳನ್ನು ಅದೇ ಗೂಡಿನ ಹತ್ತಿರ ಬಿಡಿ. ಬೇರೆ ಗೂಡಿನ ಹತ್ತಿರ ಬಿಟ್ಟರೆ ಅಲ್ಲಿನವು ಕೊಂದುಹಾಕಬಹುದು.

ಮುಂದಿನ ಪ್ರಶ್ನೆ

ನಿಮ್ಮ ಇರುವೆಗಳು ಕಾಗದದ ಹಿಂದೆ ಹೋದವು ಎಂದಾದರೆ, ಆ ಗುರುತು ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡಬಹುದು. ಕೆಲವು ಜಾತಿಗಳಲ್ಲಿ ಅದು ನಿಮಿಷಗಳಲ್ಲಿ ಆರಿಹೋಗುತ್ತದೆ, ಕೆಲವುಗಳಲ್ಲಿ ದಿನಗಟ್ಟಲೆ ಇರುತ್ತದೆ. ಸಾಲು ನಡೆದ ಪಟ್ಟಿಗಳನ್ನು ಎತ್ತಿ, ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಎತ್ತಿದ ಸಮಯ ಬರೆದು, ನೆರಳಿನಲ್ಲಿ ತೆರೆದಿಡಿ. 5, 15, 30, 60 ನಿಮಿಷದ ನಂತರ ಒಂದೊಂದನ್ನು ಒಂದು ಕವಲಿಗೆ ಹಾಸಿ, ಇನ್ನೊಂದಕ್ಕೆ ಹೊಸ ಕಾಗದ ಹಾಸಿ ಎಣಿಸಿ. ಹಳೆಯ ಕಾಗದ ಎಡಕ್ಕೋ ಬಲಕ್ಕೋ ಎಂಬುದಕ್ಕೆ ಇಲ್ಲಿಯೂ ನಾಣ್ಯ ಚಿಮ್ಮಿ. ದಾರಿ ಕಲಿತಿರದ ಇರುವೆಗಳೇ ಬೇಕಾದ್ದರಿಂದ ಪರೀಕ್ಷೆಗೆ ಅದೇ ಗೂಡಿನ ಇನ್ನೊಂದು ಸಾಲನ್ನು ಹುಡುಕಿ, ಸೇತುವೆಯನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ. ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಒಂದರ ವಾಸನೆ ಇನ್ನೊಂದಕ್ಕೆ ಹತ್ತುತ್ತದೆ.